ತಾಂಡೇಲ ಮರಳುಗಾಡಿಗೆ ಹೊರಟದ್ದು

ಸರ್ವಿಸ್ ಮೋಟಾರಿನ, ಅಂದರೆ ಬಸ್ಸಿನ, ಡ್ರೈವರನಾದವ ಗಮ್ಮತ್ತು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಂಕೋಲೆ–ಕಾರವಾರ ದಾರಿಯಲ್ಲಿ ಗಮ್ಮತ್ತೇ ರಸ್ತೆ ಬದಿಗೆ ನಿಂತು, ಕೈ ಅಡ್ಡ ಮಾಡಿ, ಮೋಟಾರು ಹತ್ತುತ್ತದೆ. ನಾನು ಶೆಟಗೇರಿಯವ. ಬೊಂಬಾಯಿಯಲ್ಲಿ ಒಬ್ಬ ಸಾಹೇಬನ ಕಾರು ಓಡಿಸಿ, ಅವನ ಬೈಗುಳ ಕೇಳಿ ಕೇಳಿಯೇ ಇಂಗ್ಲಿಷು ಕಲಿತು, ಊರಿಗೆ ಬಂದು ಸರ್ವಿಸ್ ಮೋಟಾರು ಹಿಡಿದವ. ಆ ಇಂಗ್ಲಿಷಿನ ದೆಸೆಯಿಂದಲೇ ಈ ಕತೆಯ ನಡುವೆ ಸಿಕ್ಕಿಬಿದ್ದೆ.

ಕತೆ ನಮ್ಮ ತಾಂಡೇಲನದು. ಭಾವಿಕೇರಿ ಬದಿಯ ಕಡಲಕರೆಯಲ್ಲಿ ಅವನ ಮನೆ. ತಾಂಡೇಲ ಅಂದರೆ ದೋಣಿಗೆ ಯಜಮಾನ, ರಾಂಪಣಿ ಬಲೆ ಎಳೆಯುವ ಅಷ್ಟೂ ಮಂದಿಗೆ ಮುಖಂಡ. ಅವನು "ಎಳೀರಿ" ಅಂದರೆ ಎಳೆಯಬೇಕು, "ನಿಲ್ಲಿ" ಅಂದರೆ ನಿಲ್ಲಬೇಕು. ಇಂಥವನು ಅಮೆರಿಕಾದ ಮರಳುಗಾಡಿಗೆ ಹೊರಟ. ಕಡೆಗೆ ಯುದ್ಧ ಬಂದು, ಹಡಗುಗಳೆಲ್ಲ ಅದರ ಕೆಲಸಕ್ಕೆ ಹೋಗಿ, ಅವನ ಪ್ರಯಾಣ ತಪ್ಪಿತು. ಅದು ಬೇರೆ ಮಾತು. ಹೋಗಿ ಬಂದವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ತಾಂಡೇಲನ ಹಾಗೆ ಹೊರಟವರು ಯಾರಾದರೂ ಇದ್ದರೆ ತೋರಿಸಿ, ನಾಳೆಯಿಂದ ನಾನು ಮೋಟಾರು ಮುಟ್ಟುವುದಿಲ್ಲ.

೧. ಯಾರ ವಾಸನೆ?

ಮೊದಲು ನಮ್ಮ ಕಡೆಯ ಮೂಗಿನ ವಿಷಯ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ಒಂದು ದಿನ ಹುಬ್ಬಳ್ಳಿ ಕಡೆಯ ವಕೀಲರೊಬ್ಬರು ಕಾರವಾರದ ಕೋರ್ಟಿನ ಕೆಲಸ ಮುಗಿಸಿ ನನ್ನ ಮೋಟಾರು ಹತ್ತಿದ್ದರು. ಕರಿ ಕೋಟು, ತಲೆಗೆ ಘಮಘಮ ಎಣ್ಣೆ. ಅವರ್ಸೆಯಲ್ಲಿ ತಾಂಡೇಲನ ಹೆಂಡತಿ ಹತ್ತಿದಳು. ನಾವೆಲ್ಲ ಅವಳನ್ನು ಅಕ್ಕ ಅನ್ನುವುದು. ಮೀನು ಮಾರಿ ಬರುತ್ತಿದ್ದಳು, ಬುಟ್ಟಿ ಖಾಲಿ. ಮೀನು ಬುಟ್ಟಿ ಮೋಟಾರಿನ ತಲೆಯ ಮೇಲೆ ಹಾಕಬೇಕು ಎಂಬುದು ನನ್ನ ನಿಯಮ. ಮೀನಿಲ್ಲದ ಬುಟ್ಟಿ ಮೀನು ಬುಟ್ಟಿ ಹೇಗಾದೀತು ಎಂಬುದು ಅಕ್ಕನ ವಾದ. ವಕೀಲರ ಪಕ್ಕ ಕೂತು, ಬುಟ್ಟಿಯನ್ನು ಇಬ್ಬರ ಕಾಲ ನಡುವೆ ಇಟ್ಟುಕೊಂಡಳು.

ಒಂದು ತಿರುವು ದಾಟಿರಲಿಕ್ಕಿಲ್ಲ, ವಕೀಲರು ಕೂಗಿದರು. "ಏ ಡ್ರೈವರ! ನಿಲ್ಸೋ! ಏನ್ ನಾತ ಐತೋ ಇದು!"

ನಾನು ಹೆದರಿ ನಿಲ್ಲಿಸಿದೆ. ಎಲ್ಲಿಯಾದರೂ ಪೆಟ್ರೋಲು ಸೋರುತ್ತಿದೆಯೋ ಏನೋ. ಇಳಿದು ಸುತ್ತು ಬಂದು ಮೂಸಿದೆ. ಇಲ್ಲ. ಒಳಗಿದ್ದವರೂ ಮೂಸಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಎಂತದೂ ಇಲ್ಲ.

ಅಕ್ಕ ವಕೀಲರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದಳು. "ಸಾಯ್ಬ್ರೇ, ನೀವೇ ಕೇಳಿದ್ರಿ ಅಂತ ಹೇಳ್ತೆ. ನಿಮ್ಮ ತಲೆಗೆ ಹಚ್ಚಿದ್ದು ಎಂತಾ ಎಣ್ಣೆ? ನಂಗೆ ಆಗಿಂದ ತಲೆ ತಿರುಗ್ತದೆ. ಹೇಳೂಕೆ ನಾಚ್ಕೆ ಆಗಿ ಸುಮ್ಗಿದ್ದೆ."

ವಕೀಲರು ಹಟ್ಟಿಕೇರಿಯಲ್ಲಿ ಇಳಿದುಬಿಟ್ಟರು, ಹಿಂದಿನ ಮೋಟಾರಿಗೆ ಬರುತ್ತೇನೆ ಅಂತ. ಅವರು ಇಳಿದದ್ದೇ ತಡ, ಮೋಟಾರಿನಲ್ಲಿದ್ದವರೆಲ್ಲ ಉಸಿರು ಬಿಟ್ಟು "ಅಬ್ಬಾ, ಈಗ ಗಾಳಿ ಬಂತು" ಅಂದರು.

೨. ಕಲ್ಲು ಸಾಹೇಬ

ಉಪ್ಪಿನ ಸತ್ಯಾಗ್ರಹ ಆಗಿ ಕೆಲವು ವರ್ಷಕ್ಕೆ ಕಾರವಾರದ ಬಂಗಲೆಗೆ ಒಬ್ಬ ಅಮೆರಿಕಾದ ಸಾಹೇಬ ಬಂದ. ಕಲ್ಲಿನ ಜಾತಿ ನೋಡುವುದು ಅವನ ಕೆಲಸ. ಚಿಕ್ಕ ಸುತ್ತಿಗೆಯಿಂದ ಕಲ್ಲು ಒಡೆಯುತ್ತಿದ್ದ, ಒಡೆದ ಚೂರನ್ನು ನಾಲಿಗೆಯಿಂದ ನೆಕ್ಕಿ ನೋಡುತ್ತಿದ್ದ. ಬಂಗಲೆಯ ಅಡುಗೆಯವ ಅಲ್ಲೇ ಹತ್ತಿರದ ಕಿನ್ನರ ಊರಿನವ, ಪಾಪದವ. ಸಾಹೇಬನಿಗೆ ಊಟ ಸಾಲುವುದಿಲ್ಲ ಅಂತ ಹೆದರಿ ಮರುದಿನದಿಂದ ತಟ್ಟೆಗೆ ಎರಡು ಬಂಗಡೆ ಮೀನು ಹೆಚ್ಚು ಹಾಕತೊಡಗಿದ.

ಸಮುದ್ರದ ನಡುವಿನ ನಡುಗಡ್ಡೆಯ ಕಲ್ಲು ನೋಡಬೇಕು ಅಂತ ಸಾಹೇಬ ತಾಂಡೇಲನ ದೋಣಿ ಗೊತ್ತು ಮಾಡಿದ. ಮಾತು ತಿರುಗಿಸಿ ಹೇಳುವುದಕ್ಕೆ ನನ್ನನ್ನೂ ಕರೆದೊಯ್ದರು. ನಡುಗಡ್ಡೆಯ ಅಂಚಿನಲ್ಲಿ ಪಾಚಿ. ಸಾಹೇಬ ಕಲ್ಲು ನೆಕ್ಕುವ ಭರದಲ್ಲಿ ಜಾರಿ ಸೀದಾ ನೀರಿಗೆ ಬಿದ್ದ. ಅವನಿಗೆ ಈಜು ಬಾರದು. ತಾಂಡೇಲ ಹಾರಿ, ಅವನ ಚಡ್ಡಿಯ ಪಟ್ಟಿ ಹಿಡಿದು ದೋಣಿಗೆ ಎಳೆದು ಹಾಕಿದ. ಇಷ್ಟಾದರೂ ಸಾಹೇಬ ಸುತ್ತಿಗೆ ಬಿಟ್ಟಿರಲಿಲ್ಲ.

ಕುಡಿದ ನೀರೆಲ್ಲ ಕಾರಿದ ಮೇಲೆ ಸಾಹೇಬ ತಾಂಡೇಲನ ಕೈ ಹಿಡಿದುಕೊಂಡ. "ನೀನು ನನ್ನ ಜೀವ ಉಳಿಸಿದೆ. ನಮ್ಮ ಕಡೆ ಬಾ. ನಾನೇ ಕರೆದುಕೊಂಡು ಹೋಗುತ್ತೇನೆ. ನಾನು ಒಂದು ಪಾರ್ಕಿನಲ್ಲಿ ಕೆಲಸ ಮಾಡುವವ. ಮರಳುಗಾಡು, ಕೆಂಪು ಕಲ್ಲಿನ ಕಣಿವೆ. ಆಕಾಶಕ್ಕೆ ಮುಟ್ಟುವ ಗೋಡೆಗಳು. ನೋಡಿದರೆ ಕಣ್ಣು ತುಂಬುತ್ತದೆ" ಅಂದ. ನಾನು ತಿರುಗಿಸಿ ಹೇಳಿದೆ.

ದೋಣಿಯಲ್ಲಿ ತಾಂಡೇಲ ಕಲೆಕ್ಟರನಿಗೂ ಏಕವಚನವೇ. ಕೇಳಿದ. "ಅದು ನಿನ್ನ ಜಾಗ್ಯಾ?"

"ಅಲ್ಲ. ಪಾರ್ಕು ಮಾಡಿದ್ದು ಅಮೆರಿಕಾ ಸರಕಾರ."

"ಅದ್ಕೂ ಮೊದ್ಲಿಂದ ಅಲ್ಲಿ ಇದ್ದವ್ರು ಯಾರು?"

"ನವಾಹೋ ಅಂತ ಜನ. ಈಗಲೂ ಅಲ್ಲೇ ಇದ್ದಾರೆ, ಜಾಗ ಅವರದೇ. ಅವರಲ್ಲಿ ಮನೆ, ಕುರಿ ಎಲ್ಲ ಹೆಂಗಸರದು. ಕಣಿವೆಯ ತಳದಲ್ಲಿ ಒಬ್ಬಳು ಮುದುಕಿ ಇದ್ದಾಳೆ. ಆ ಬದಿಗೆಲ್ಲ ಅವಳೇ ಯಜಮಾನ್ತಿ."

"ಅವ್ಳು ನನ್ನ ಬಾ ಅಂದ್ಲಾ?"

ಸಾಹೇಬ ಕೈಯಲ್ಲಿದ್ದ ಸುತ್ತಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ತಾಂಡೇಲ ಹಾಯಿಯ ಹಗ್ಗ ಬಿಗಿಯುತ್ತ ಹೇಳಿದ. "ಬೇರೆಯವ್ರ ಮನೆ ಊಟಕ್ಕೆ ಕರೆಯೂಕೆ ನೀ ಯಾರು, ಮಾರಾಯಾ? ಮನೆಯವ್ರು ಕರೀಲಿ. ಬತ್ತೆ."

ನಿಜ ಹೇಳುತ್ತೇನೆ, ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನ ಎದೆ ಉಬ್ಬಿತು. ಬೊಂಬಾಯಿಯಲ್ಲಿ ಕಲಿತ ಇಂಗ್ಲಿಷು ಬರೀ ಬೈಗುಳಕ್ಕೆ ಅಂದುಕೊಂಡಿದ್ದೆ, ಆವತ್ತು ಸಾರ್ಥಕವಾಯಿತು. ಸಾಹೇಬ ತಲೆ ತಗ್ಗಿಸಿ, "ಅಲ್ಲಿಗೆ ಎಷ್ಟೋ ಮಂದಿ ನೋಡಲಿಕ್ಕೆ ಬರುತ್ತಾರೆ. ಇದನ್ನು ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ" ಅಂದ.

ತಾಂಡೇಲ ಗಕ್ಕನೆ ಅವನ ಕಡೆ ತಿರುಗಿದ. "ಹಂಗಾರೆ ನೀನೂ ಕರೀದೇ ಹೋದವ್ನೇಯಾ?"

೩. ನೀರಿಲ್ಲದ ಊರು

ಸುದ್ದಿ ಕಡಲಕರೆಗೆ ನನ್ನ ಮೋಟಾರಿಗಿಂತ ಮೊದಲೇ ಮುಟ್ಟಿತ್ತು. ಬಲೆ ಎಳೆದು ಮುಗಿಸಿ ಮಂದಿಯೆಲ್ಲ ಸುತ್ತ ಕೂತರು. ಮರಳುಗಾಡು ಹೇಗಿರುತ್ತದೆ ಅಂತ ಹೇಳುವ ಕೆಲಸ ನನಗೆ ಬಂತು. ಮರಳಿಗೆ ನಮ್ಮಲ್ಲಿ ಹೊಯಿಗೆ ಅನ್ನುವುದು.

"ನಮ್ಮ ಕರೆಯಲ್ಲಿ ಹೊಯಿಗೆ ಇದೆಯಲ್ಲ, ಅಲ್ಲಿಯೂ ಹೊಯಿಗೆ. ಎಷ್ಟು ದೂರ ನೋಡಿದರೂ ಅದೇ."

"ಹೊಯ್ಗೆ ಮುಗ್ದ ಮೇಲೆ ಸಮುದ್ರ ಬತ್ತದಲಾ?"

"ಬರುವುದಿಲ್ಲ."

"ಮತ್ತೆ ಹೊಯ್ಗೆ ಯಾಕೆ ಇಟ್ಕಂಡಾರೆ?"

ನಾನು ಮಾತನ್ನು ಪಾರ್ಕಿನ ಕಡೆ ತಿರುಗಿಸಿದೆ. ಪಾರ್ಕು ಅಂದರೆ ಕಾರವಾರದ ಬಂಗಲೆಗಳ ಮುಂದಿನ ಹೂಗಿಡ, ಬೆಂಚು ಅಂತ ಕೆಲವರು ತಿಳಿದಿದ್ದರು. ಹೂವೂ ಇಲ್ಲ, ಬೆಂಚೂ ಇಲ್ಲ, ಕಲ್ಲು ಚೆಂದ ಇದೆ ಅಂತ ಸರಕಾರ ಬೋರ್ಡು ಹಾಕಿದೆ ಅಂದೆ.

ಕೇಣಿಯ ತಾಂಡೇಲ ಅಂತ ಒಬ್ಬನಿದ್ದ. ಪಕ್ಕದ ಊರವ, ನಮ್ಮ ತಾಂಡೇಲನಿಗೂ ಅವನಿಗೂ ಬಲೆ ಬಿಡುವ ಜಾಗದ ಮೇಲೆ ಹಳೇ ಜಗಳ. ಅವನು ನಕ್ಕ. "ಅಮೆರಿಕಾದ ಮುದ್ಕಿ ಇವ್ನನ್ನ ಕರೀತಾಳಂತೆ! ಇವ್ನು ಹುಟ್ಟಿದ್ದೇ ಅವ್ಳಿಗೆ ಗೊತ್ತಿಲ್ಲ."

ನಮ್ಮ ತಾಂಡೇಲ ಎದ್ದು ನಿಂತ. "ಆ ಯಜಮಾನ್ತಿ ಬಾಯಿಂದ 'ಬರ್ಲಿ' ಅನ್ನೂ ಮಾತು ತರ್ಸ್ತೆ. ತರ್ಸದಿದ್ರೆ ನಾ ತಾಂಡೇಲ ಅಲ್ಲ. ನನ್ನ ಬಲೆಗೆ ನೀನೇ ತಾಂಡೇಲ, ನಾ ಹಗ್ಗದ ತುದಿ ಹಿಡ್ದು ಎಳೀತೆ."

ಕಡಲ ಮಂದಿಯಲ್ಲಿ ಇಂಥ ಮಾತು ಆಡಿದರೆ ಮುಗಿಯಿತು, ಹಿಂದಕ್ಕೆ ತೆಗೆಯುವ ಹಾಗಿಲ್ಲ. ಮಾತು ತಪ್ಪಿದ ತಾಂಡೇಲನ ಹಿಂದೆ ಯಾರೂ ದೋಣಿ ಹತ್ತುವುದಿಲ್ಲ.

ಮಂದಿ ಚೆದುರಿದ ಮೇಲೆ ನಾನು ಬೈದೆ. "ಅಲ್ಲ ಭಾವ, ಒಂದು ಮರಳುಗಾಡಿನ ಸಲುವಾಗಿ ತಾಂಡೇಲಕಿ ಪಣಕ್ಕೆ ಇಡುವುದಾ?"

ಅವನು ಹೊಯಿಗೆಯಲ್ಲಿ ಗೀರು ಎಳೆಯುತ್ತ ಕೂತಿದ್ದ. "ತಮಾ, ನನ್ನ ತಮ್ಮ ಹೋದದ್ದು ನಿಂಗೆ ಗೊತ್ತದೆ. ಈ ಕರೆಯಲ್ಲಿ ನೀರು ಒಬ್ಬನ್ನಾದ್ರೂ ತಕ್ಕಂಡು ಹೋಗದೇ ಇಪ್ಪ ಮನೆ ತೋರ್ಸು. ಯಾರೂ ಮುಳ್ಗಿ ಸಾಯದ ಊರು ಒಂದಾದ್ರೂ ಅದ್ಯಾ ಅಂತ ಕಣ್ಣಾರೆ ನೋಡ್ಬೇಕು ನಂಗೆ."

ಮರುದಿನ ಸಾಹೇಬನಿಗೆ ಇದನ್ನೇ ಹೇಳಿದೆ. ಅವನು ಪಾಪ, ಸುಳ್ಳು ಹೇಳುವ ಜಾತಿಯಲ್ಲ. ಅಲ್ಲಿಯೂ ಮುಳುಗುತ್ತಾರೆ ಅಂದ. ಎಲ್ಲೋ ದೂರ ಮಳೆ ಬಿದ್ದರೆ ಒಣ ಹಳ್ಳದಲ್ಲಿ ಒಮ್ಮೆಗೇ ಆಳೆತ್ತರದ ನೀರು ನುಗ್ಗಿ ಬರುತ್ತದಂತೆ, ಕುರಿ ಕಾಯುವವರಿಗೆ ಓಡಲಿಕ್ಕೂ ಹೊತ್ತು ಸಿಗುವುದಿಲ್ಲವಂತೆ.

ಇದನ್ನು ತಾಂಡೇಲನಿಗೆ ಹೇಗೆ ಹೇಳುವುದು ಅಂತ ಎರಡು ಟ್ರಿಪ್ಪು ಯೋಚಿಸಿದೆ. ಕಡೆಗೆ ಹೇಳಿದೆ. ಅವನು ಮೀಸೆ ನೀವಿಕೊಂಡ.

"ಹಂಗಾರೆ ಹೋಗ್ಲೇಬೇಕು, ತಮಾ. ಅಷ್ಟು ದೊಡ್ಡ ಊರಿಗೆ ಒಬ್ಬ ತಾಂಡೇಲ ಇಲ್ಲ ಅಂದ್ರೆ ಎಂತಾ ಕತೆ!"

೪. ಬಾಗಿಲ ಹೊರಗಿನ ಹುಟ್ಟು

ತಾಂಡೇಲ ಸಾಹೇಬನನ್ನು ಊಟಕ್ಕೆ ಕರೆದ. ಅಕ್ಕ ಇಸ್ವಾಣ ಮೀನು ಹುರಿದು, ಶೆಟ್ಲಿ ಸಿಗಡಿಯ ಖಾರ ಸಾರು ಮಾಡಿ ಬಡಿಸಿದಳು. ಸಾಹೇಬ ಬೆವರು ಒರೆಸಿಕೊಳ್ಳುತ್ತ, ಕಣ್ಣೀರು ಸುರಿಸುತ್ತ, "ಸಾಕು" ಎಂಬ ಕನ್ನಡ ಮಾತು ಅಲ್ಲೇ ಕಲಿತ. ಅಕ್ಕನಿಗೆ ಮರಳುಗಾಡು ಬೇಕಾಗಿರಲಿಲ್ಲ. ಅವಳಿಗೆ ಆ ಯಜಮಾನ್ತಿಯ ವಿಷಯ ಬೇಕು.

"ಮನೆ ಹೆಂಗ್ಸಿಂದು ಅಂದ್ರಲಾ, ಮತ್ತೆ ಗಂಡ ಏನಾದ್ರೂ ಸರಿ ಇಲ್ದಿದ್ರೆ?"

ಸಾಹೇಬ ಹೇಳಿದ. ಅಲ್ಲಿ ಗಂಡಸರು ಕುದುರೆ ಹತ್ತುವವರು. ಹೆಂಡತಿಗೆ ಗಂಡ ಸಾಕು ಅನಿಸಿದರೆ ಜಗಳವಿಲ್ಲ, ಪಂಚಾಯ್ತಿಯಿಲ್ಲ. ಅವನ ಕುದುರೆ ಜೀನನ್ನು ಎತ್ತಿ ಬಾಗಿಲ ಹೊರಗೆ ಇಡುತ್ತಾಳೆ. ಗಂಡ ಬಂದು ನೋಡಿ, ಜೀನು ಎತ್ತಿಕೊಂಡು ಅವ್ವನ ಮನೆಗೆ ಹೋಗುತ್ತಾನೆ. ಅಷ್ಟೇ.

ಅಕ್ಕ "ಹೌದಾ" ಅಂದಳು. ಇನ್ನೊಂದು ತುಂಡು ಇಸ್ವಾಣ ಸಾಹೇಬನ ಎಲೆಗೆ ಹಾಕಿದಳು.

ಮರುದಿನ ತಾಂಡೇಲ ಪೇಟೆಯಿಂದ ಮನೆಗೆ ಬಂದು ನೋಡುತ್ತಾನೆ, ಅವನ ದೋಣಿಯ ಹುಟ್ಟು ಬಾಗಿಲ ಹೊರಗೆ, ಗೋಡೆಗೆ ಒರಗಿಸಿ ಇಟ್ಟಿದೆ. ಒಳಗೆ ಅಕ್ಕ ತಣ್ಣಗೆ ಕಾಯಿ ತುರಿಯುತ್ತಿದ್ದಾಳೆ.

"ಎಂತದೇ ಇದು?"

"ಕೇಳ್ದೇ ಕರೆಯೂದು ತಪ್ಪು ಅಂತ ಸಾಯ್ಬಗೆ ಬುದ್ಧಿ ಹೇಳಿದ್ರಂತಲ್ಲ. ಊರ್ ಬಿಟ್ಟು ಊರಿಗೆ ಹೊರಟ್ರಲ್ಲ, ತಾಂಡೇಲಕಿ ಪಣಕ್ಕೆ ಇಟ್ರಲ್ಲ, ನನ್ನ ಕೇಳಿದ್ರಾ?"

ತಾಂಡೇಲ ಬಾಗಿಲ ಹೊರಗೇ ನಿಂತು "ಹೋಗ್ಲಾ?" ಅಂತ ಕೇಳಿದ. ಅಕ್ಕ ತೆಂಗಿನಕಾಯಿ ತುರಿದು ಮುಗಿಸಿ, ಒಗ್ಗರಣೆ ಹಾಕಿ, ಆಮೇಲೆ ಒಪ್ಪಿದಳು. ಅಷ್ಟು ಹೊತ್ತೂ ಅವನು ಹುಟ್ಟು ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದನ್ನು ಅಕ್ಕಪಕ್ಕದವರೆಲ್ಲ ನೋಡಿದರು.

ಸಂಜೆ ಮೋಟಾರಿನ ಹತ್ತಿರ ಬಂದು ನನಗೆ ಗುಟ್ಟಾಗಿ ಹೇಳಿದ. "ತಮಾ, ಅವ್ಳನ್ನ ಅಲ್ಲಿಗೆ ಕರ್ಕಂಡು ಹೋಗೂ ವಿಚಾರ ಇತ್ತು. ಈಗ ಬೇಡ ಕಾಣ್ತದೆ. ಹೋಗದೇನೇ ಅಲ್ಲಿಯವಳಾಗಿ ಕೂತಾಳೆ."

೫. ಮೀನು ಮುಟ್ಟದ ಮಂದಿ

ಸಾಹೇಬ ಹೊರಡುವ ದಿನ ಹತ್ತಿರ ಬಂತು. ಮೊದಲು ಅವನು ಹೋಗಿ ಯಜಮಾನ್ತಿಯನ್ನು ಕೇಳುವುದು, ಅವಳು 'ಬರ್ಲಿ' ಅಂದರೆ ಮತ್ತೆ ಕಾರವಾರಕ್ಕೆ ಬಂದಾಗ ತಾಂಡೇಲನನ್ನು ಕರೆದೊಯ್ಯುವುದು ಅಂತ ನಿಶ್ಚಯವಾಗಿತ್ತು. ಆದರೆ ಬರಿಗೈಯಲ್ಲಿ ಕೇಳಿಸುವುದು ಹೇಗೆ? ಯಾರ ಮನೆಗಾದರೂ ಮಾತು ಕಳಿಸುವುದಾದರೆ ಅದರ ಜೊತೆ ಏನಾದರೂ ಹೋಗಬೇಕು. ನಮ್ಮ ಕರೆಯಲ್ಲಿ 'ಏನಾದರೂ' ಅಂದರೆ ಮೀನು.

ತಾಂಡೇಲ ಒಣ ಬಂಗಡೆಯಲ್ಲಿ ಒಳ್ಳೊಳ್ಳೆಯದು ಆರಿಸಿ ಒಂದು ದೊಡ್ಡ ಬುಟ್ಟಿ ತುಂಬಿ ಬಂಗಲೆಗೆ ತಂದ. ಸಾಹೇಬ ಅದನ್ನು ನೋಡಿ ಮೆಲ್ಲಗೆ ಹೇಳಿದ. "ಆ ಜನ ಮೀನು ತಿನ್ನುವುದಿಲ್ಲ. ಮುಟ್ಟುವುದೂ ಇಲ್ಲ. ಹಿಂದಿನಿಂದ ಬಂದ ಕಟ್ಟಳೆ."

ತಾಂಡೇಲ ಬುಟ್ಟಿ ಕೆಳಗೆ ಇಟ್ಟ. ಇಂಥ ಮಾತು ಅವನು ಜನ್ಮದಲ್ಲಿ ಕೇಳಿರಲಿಲ್ಲ. "ಹಂಗಾರೆ ಅವ್ರು ಭಟ್ರು!"

"ಭಟ್ರಲ್ಲ ಭಾವ, ಕುರಿ ತಿಂತಾರಂತೆ" ಅಂದೆ.

"ಕುರಿ ತಿಂತಾರೆ, ಮೀನು ಮುಟ್ಟೂದಿಲ್ಲ?"

ಈಗ ನಮ್ಮ ಕಿನ್ನರದ ಅಡುಗೆಯವನೂ ಒಲೆ ಬಿಟ್ಟು ಎದ್ದು ಬಂದ. ಅವನು ಕಾರವಾರದ ಕೊಂಕಣಿ ಬ್ರಾಹ್ಮಣರ ಮನೆಗಳಲ್ಲಿ ದುಡಿದವ. ಅವರು ಮೀನಿಲ್ಲದೆ ತುತ್ತು ಎತ್ತುವುದಿಲ್ಲ, ಕುರಿಯ ಹೆಸರು ಎತ್ತಿದರೆ ಮಿಂದುಕೊಳ್ಳುತ್ತಾರೆ. ಬಹಳ ಹೊತ್ತು ಸೌಟು ಹಿಡಿದುಕೊಂಡೇ ಯೋಚಿಸಿ ಅಡುಗೆಯವ ತೀರ್ಮಾನ ಕೊಟ್ಟ. "ಅವ್ರೂ ಭಟ್ರೇ. ಆದ್ರೆ ಅಮೆರಿಕಾ ಭೂಮಿಯ ಕೆಳಗಿನ ಬದಿಗೆ ಅದೆಯಲ್ಲ, ಅದ್ಕೇ ಎಲ್ಲ ಉಲ್ಟಾ."

೬. ಉಪ್ಪಿನ ಮುಡಿ

ಮೀನು ಹೋಯಿತು. ಇನ್ನೇನು ಕಳಿಸುವುದು? ತಾಂಡೇಲ ಎರಡು ದಿನ ಬಲೆಗೆ ಹೋಗಲಿಲ್ಲ. ಕೇಣಿಯ ತಾಂಡೇಲ ನಮ್ಮ ಬಲೆಯ ಸುತ್ತ ಅಡ್ಡಾಡಿ ಹಗ್ಗ ಮುಟ್ಟಿ ಮುಟ್ಟಿ ನೋಡಿ ಹೋದ. ಕಡೆಗೆ ದಾರಿ ಹೇಳಿದವಳು ಅಕ್ಕ. "ಉಪ್ಪು ಕಳ್ಸಿ. ಕುರಿ ಸಾಕೂ ಮನೆಗೆ ಉಪ್ಪು ಬೇಡ್ವಾ?"

ಅಂಕೋಲೆಯ ಉಪ್ಪು! ನನಗೆ ಮೈ ಜುಮ್ಮೆಂದಿತು. ಈ ಉಪ್ಪಿಗಾಗಿ ನಮ್ಮವರು ಲಾಠಿ ಏಟು ತಿಂದಿದ್ದಾರೆ, ಜೈಲು ಕಂಡಿದ್ದಾರೆ. ಊರೂರಿಂದ ಹೆಂಗಸರು ಗಂಡಸರು ಎನ್ನದೆ ಕಡಲಿಗೆ ಇಳಿದಿದ್ದಾರೆ. ಶೆಟಗೇರಿಯವರಾದ ನಮಗೂ ಅದರಲ್ಲಿ ಪಾಲು ಇದೆ. ಅದಕ್ಕೇ ಮುಡಿ ಕಟ್ಟುವ ಭತ್ತದ ಹುಲ್ಲು ನಮ್ಮ ಮನೆಯದು ಅಂತ ನಾನು ಹಟ ಹಿಡಿದೆ.

ಅಕ್ಕ ತಾವೇ ಕಡಲ ನೀರಿನಿಂದ ತೆಗೆದಿಟ್ಟ ಉಪ್ಪಿನಲ್ಲಿ ಅತೀ ಬೆಳ್ಳಗಿನದು ತೆಗೆದಳು. ಮೀನು ಉಪ್ಪಿಗೆ ಹಾಕುವುದಕ್ಕೆ ಅಂತ ಬೇರೆಯೇ ಇಟ್ಟುಕೊಂಡಿದ್ದು. ತಾಂಡೇಲ ಅದನ್ನು ಬಾಳೆ ಎಲೆಯಲ್ಲಿ ಸುತ್ತಿ, ಅಕ್ಕಿ ಮುಡಿ ಕಟ್ಟುವ ಹಾಗೆ ಹುಲ್ಲಿನಿಂದ ಗುಂಡಗೆ ಬಿಗಿದ. ಹಸಿ ಹಿಡಿಯಬಾರದು ಅಂತ ಒಲೆಯ ಮೇಲಿನ ಅಟ್ಟಕ್ಕೆ ತೂಗು ಹಾಕಿದರು. ಅಲ್ಲಿ ಒಣ ಬಂಗಡೆಯ ಸರ ಇತ್ತು, ಅದರ ಪಕ್ಕ ಜಾಗವೂ ಇತ್ತು.

ಹೊರಡುವ ದಿನ ಮುಡಿ ಇಳಿಸಿದರು. ತಾಂಡೇಲ ಬಹಳ ಜಾಗರೂಕ. "ಮೀನು ಮುಟ್ಟದ ಮಂದಿ. ಒಂಚೂರು ವಾಸ್ನೆ ಇದ್ರೂ ನನ್ನ ಮರ್ಯಾದಿ ಹೋತದೆ. ಎಲ್ಲರೂ ಮೂಸಿ ನೋಡಿ" ಅಂದ. ಅವನು ಮೂಸಿದ. ಅಕ್ಕ ಮೂಸಿದಳು. ನಾನು ಕಣ್ಣು ಮುಚ್ಚಿ ಆಳವಾಗಿ ಮೂಸಿದೆ. ರಾಂಪಣಿ ಎಳೆಯುವ ಅಷ್ಟೂ ಮಂದಿ ಸಾಲಾಗಿ ಬಂದು ಮೂಸಿದರು. ಒಬ್ಬನಾದರೂ ಅನುಮಾನ ಹೇಳಬೇಕಲ್ಲ? ಎಲ್ಲರದೂ ಒಂದೇ ಮಾತು, "ವಾಸ್ನೆ ಇಲ್ಲ." ಕೇಣಿಯ ತಾಂಡೇಲನನ್ನೂ ಕರೆಸಿ ಮೂಸಿಸಿದೆವು. ವೈರಿಯಾದರೂ ಸತ್ಯವಂತ. ಅವನೂ "ಇಲ್ಲ" ಅಂದ.

ಸಾಹೇಬನೂ ಮೂಸಿದ. ಬಂಗಲೆಯಲ್ಲಿ ಅಷ್ಟು ತಿಂಗಳು ದಿನಾ ಬಂಗಡೆ ತಿಂದವ. ತಲೆ ಆಡಿಸಿ, ನಮ್ಮ ಮಂದಿ ಹೇಳಿದ್ದನ್ನೇ ಹೇಳಿದ. "ವಾಸ್ನೆ ಇಲ್ಲ." ಅದು ಅವನು ಕಲಿತ ಎರಡನೇ ಕನ್ನಡ.

ಕಾರವಾರದ ಬಂದರಿನಲ್ಲಿ ಆಗಬೋಟಿ ಹಡಗು ಹತ್ತಿಸುವಾಗ ತಾಂಡೇಲ ಮುಡಿಯನ್ನು ಸಾಹೇಬನ ಎರಡೂ ಕೈಯಲ್ಲಿ ಇಟ್ಟು ಹೇಳಿದ. "ಸರ್ಕಾರನ್ನ ಕೇಳಿ ತಂದ ಉಪ್ಪಲ್ಲ ಇದು ಅಂತ ಯಜಮಾನ್ತಿಗೆ ಹೇಳು. ಅವ್ಳಿಗೆ ತಿಳೀತದೆ."

ಹೇಳಿ ಗತ್ತಿನಿಂದ ತಿರುಗಿದ. ಮೋಟಾರಿಗೆ ಬಂದು ಕೂತ ಮೇಲೆ ಕೇಳಿದ. "ತಮಾ, ಆ ಸಾಯ್ಬ ದಾರಿಲಿ ಅದನ್ನ ನೆಕ್ಕಿ ಮುಗಿಸೂದಿಲ್ಲಲಾ?"

೭. ಯಜಮಾನ್ತಿ ಕಳಿಸಿದ ಮಾತು

ಎರಡು ಮಳೆಗಾಲ ಹೋದವು. ಸಾಹೇಬನ ಸುಳಿವಿಲ್ಲ. ಕೇಣಿಯ ತಾಂಡೇಲ ಕರೆಗೆ ಬಂದಾಗಲೆಲ್ಲ "ಕರೆ ಬಂತಾ?" ಅನ್ನುತ್ತಿದ್ದ. ಚಿಕ್ಕ ಮಕ್ಕಳೂ ನಮ್ಮವನಿಗೆ 'ಅಮೆರಿಕಾ ತಾಂಡೇಲ' ಅಂತ ಹೆಸರು ಇಟ್ಟರು. ಅವನು ನಗುತ್ತಿದ್ದ, ಆದರೆ ಬಲೆ ಎಳೆಯುವಾಗಿನ ಕೂಗು ಮೊದಲಿನ ಹಾಗೆ ಇರಲಿಲ್ಲ. ಅದನ್ನು ಕೇಳಿ ನನಗೆ ಸಂಕಟವಾಗುತ್ತಿತ್ತು. ಕಡೆಗೆ ಮಂದಿಯೆಲ್ಲ ಕೂಡಿ, ಬರುವ ದೀಪಾವಳಿಯ ಒಳಗೆ ಮಾತು ಬಾರದಿದ್ದರೆ ಆಡಿದ ಹಾಗೆ ನಡೆಯಬೇಕು ಅಂತ ಠರಾಯಿಸಿದರು. ತಾಂಡೇಲ "ಆತು" ಅಂದ.

ದೀಪಾವಳಿ ಇನ್ನೇನು ಬಂತು ಅನ್ನುವಾಗ, ಒಂದು ಬೆಳಗ್ಗೆ ಕಾರವಾರದ ಸ್ಟ್ಯಾಂಡಿನಲ್ಲಿ ನನ್ನ ಮೋಟಾರಿನ ಮುಂದೆ ಸಾಹೇಬ ನಿಂತಿದ್ದಾನೆ! ಅದೇ ಚಡ್ಡಿ, ಅದೇ ಸುತ್ತಿಗೆ. ನಾನು ಸ್ಟ್ಯಾಂಡೆಂಬುದನ್ನೂ ಮರೆತು ಅವನನ್ನು ಅಪ್ಪಿಕೊಂಡೆ. "ಏನಂದಳು?" ಅಂತ ಕೇಳಿದರೆ, "ಮೊದಲು ಅವನಿಗೆ ಹೇಳಬೇಕು" ಅಂದ.

ಆ ದಿನ ನಿಯಮ ಗಿಯಮ ಎಲ್ಲ ಬದಿಗೆ. ಮೋಟಾರಿನ ಒಳಗೂ ಮೇಲೂ ಬಂಗಡೆ ಬುಟ್ಟಿಯೇ. ಸಾಹೇಬ ಹತ್ತುವಾಗ ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದ. ಬಿಣಗೆ ದಾಟಿದ ಮೇಲೆ ಕರವಸ್ತ್ರ ಕಿಸೆಗೆ ಹೋಯಿತು. ಅವರ್ಸೆ ಬರುವಷ್ಟರಲ್ಲಿ ಮೀನು ಬುಟ್ಟಿಯ ಮೇಲೆ ಮೊಣಕೈ ಊರಿ, ತೂಕಡಿಸುತ್ತಿದ್ದ.

ಕರೆಯಲ್ಲಿ ಬಲೆ ಬಿಟ್ಟು ಎಲ್ಲರೂ ಓಡಿ ಬಂದರು. ಕೇಣಿಯ ತಾಂಡೇಲನೂ ಬಂದ. ಅಕ್ಕ ಬಂದಳು. ತಾಂಡೇಲ ಮಾತ್ರ ಓಡಲಿಲ್ಲ. ಹಗ್ಗ ಸುತ್ತಿ ಇಟ್ಟು, ಕೈ ಒರೆಸಿಕೊಂಡು, ನಡೆದು ಬಂದು ಸಾಹೇಬನ ಮುಂದೆ ನಿಂತ. ಅವನ ತುಟಿ ಒಣಗಿದ್ದನ್ನು ನಾನು ನೋಡಿದೆ.

ಸಾಹೇಬ ಶುರು ಮಾಡಿದ, ನಾನು ತಿರುಗಿಸುತ್ತ ಹೋದೆ. ಹಡಗಿನಲ್ಲಿ ಏನೂ ಗೊತ್ತಾಗಲಿಲ್ಲವಂತೆ. ಅಮೆರಿಕಾದಲ್ಲಿ ರೈಲು ಹತ್ತಿದ್ದೇ ತಡ, ಅವನ ಡಬ್ಬಿಯಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರಂತೆ. ಇಡೀ ಡಬ್ಬಿ ತನಗೊಬ್ಬನಿಗೇ ಸಿಕ್ಕಿತಲ್ಲ, ಎಷ್ಟು ಮರ್ಯಾದೆಯ ಜನ ಅಂದುಕೊಂಡನಂತೆ.

"ಯಾಕೆ ಎದ್ದು ಹೋದ್ರು?" ಅಂತ ಮಂದಿ ಕೇಳಿದರು. ಯಾರಿಗೂ ಅರ್ಥವಾಗಲಿಲ್ಲ.

ಕಣಿವೆಗೆ ಹೋಗಿ ಯಜಮಾನ್ತಿಯ ಮುಂದೆ ಮುಡಿ ಬಿಚ್ಚಿದನಂತೆ. ಕುರಿಗಳು ಹಿಂದೆ ಸರಿದವಂತೆ. ಮೊಮ್ಮಕ್ಕಳು ಮನೆಯ ಹಿಂದೆ ಓಡಿದರಂತೆ. ಯಜಮಾನ್ತಿ ಮಾತ್ರ ಅಲ್ಲಾಡದೆ, ಮೂಗು ಹಿಡಿದುಕೊಂಡು, ಇದು ಏನು ಅಂತ ಕೇಳಿದಳಂತೆ.

"ಮೂಗು ಹಿಡ್ಕಂಡ್ಲಾ? ಯಾಕೆ?" ತಾಂಡೇಲನ ದನಿ ಸಣ್ಣಗಾಯಿತು.

"ಮೀನಿನ ವಾಸನೆ" ಅಂದ ಸಾಹೇಬ.

ಎಲ್ಲರೂ ಮೂಸಿದ್ದೆವಲ್ಲ! ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಕೇಣಿಯ ತಾಂಡೇಲ ಹಗ್ಗದ ಕಡೆ ನೋಡಿದ.

ಸಾಹೇಬ ಮುಂದುವರಿಸಿದ. "ನಾನು ಎಲ್ಲ ಹೇಳಿದೆ. ನನ್ನನ್ನು ನೀರಿನಿಂದ ಎತ್ತಿದ್ದು, ಜಾಗ ಯಾರದು ಅಂತ ಕೇಳಿದ್ದು, ಮನೆಯವಳು ಕರೆಯಲಿ ಅಂದದ್ದು, ಸರಕಾರವನ್ನು ಕೇಳದೆ ತಂದ ಉಪ್ಪು ಎಂಬುದು. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು, ಇಷ್ಟು ವರ್ಷ ಈ ಕಣಿವೆಗೆ ಎಷ್ಟೋ ಜನ ಬಂದರು. ಬರಲಾ ಅಂತ ನನ್ನನ್ನು ಕೇಳಿದವನು ಇವನೊಬ್ಬನೇ."

ಹಿಂದೆ ನಿಂತವರಿಗೂ ಕೇಳಲಿ ಅಂತ ಇದನ್ನು ನಾನು ಎರಡು ಸಲ ತಿರುಗಿಸಿ ಹೇಳಿದೆ.

"ಉಪ್ಪನ್ನು ಕುರಿಗಳಿಗೆ ಹಾಕಿಸಿದಳು. ಅವು ಮೊದಲು ಮುನಿಸಿಕೊಂಡವು, ಆಮೇಲೆ ಒಂದು ಕಣವೂ ಬಿಡದೆ ನೆಕ್ಕಿದವು. ಆಗ ಅವಳು ಹೇಳಿದಳು, ಬರಲಿ."

"ಬರ್ಲಿ ಅಂದ್ಲು!" ಕರೆ ಹಾರಿಹೋಗುವ ಹಾಗೆ ಬೊಬ್ಬೆ ಎದ್ದಿತು. ತಾಂಡೇಲನನ್ನು ಎತ್ತಿ ಹೆಗಲ ಮೇಲೆ ಕೂರಿಸಿದರು. ಕೇಣಿಯ ತಾಂಡೇಲ ತಾನೇ ಮುಂದೆ ಬಂದು, ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಇವನ ತಲೆಗೆ ಸುತ್ತಿದ. ನನ್ನ ಜನ್ಮದಲ್ಲಿ ಅಂಥ ಹೆಮ್ಮೆ ಇನ್ನೊಂದು ದಿನ ಆಗಿಲ್ಲ.

ಸಾಹೇಬ ಕೈ ಎತ್ತಿದ. "ಮಾತು ಇನ್ನೂ ಇದೆ. ಬರಲಿ, ಆದರೆ ಮಿಂದು ಬರಲಿ ಅಂದಳು."

ತಾಂಡೇಲ ಹೆಗಲ ಮೇಲಿಂದ ಸರಸರ ಇಳಿದ. ಮೊದಲು ಅಕ್ಕ ನಕ್ಕಳು, ಆಮೇಲೆ ಮಂದಿ.

"ಅಲ್ಲ ತಮಾ," ಅಂದ ತಾಂಡೇಲ, ಉಸಿರು ತಿರುಗದೆ, "ಹುಟ್ಟಿದಾಗಿಂದ ನೀರಲ್ಲೇ ಇಪ್ಪವ್ನು ನಾನು. ಹನಿ ನೀರು ಕಾಣದ ಊರಿನವ್ಳು ನಂಗೆ ಮಿಂದು ಬಾ ಅಂತಾಳಲ್ಲ!"

ಬೈದವನು ಅಲ್ಲಿ ನಿಲ್ಲಲಿಲ್ಲ. ಉಟ್ಟ ಬಟ್ಟೆಯಲ್ಲೇ, ಕೇಣಿಯವನ ರುಮಾಲಿನ ಸಮೇತ, ಸೀದಾ ಸಮುದ್ರಕ್ಕೆ ನಡೆದ. ಮೂರು ಮುಳುಗು ಹಾಕಿದ. ನೀರು ಸೋರಿಸುತ್ತ ಬಂದು ಸಾಹೇಬನ ಮುಂದೆ ಎದೆ ಎತ್ತಿ ನಿಂತ.

"ಮಿಂದಾತು. ಮೂಸು."

ಸಾಹೇಬ ಬಗ್ಗಿದ. ನನ್ನ ಮೋಟಾರಿನಲ್ಲಿ ಕಾರವಾರದಿಂದ ಬಂಗಡೆ ಬುಟ್ಟಿಗೆ ಒರಗಿ ಬಂದ ಆ ಸಾಹೇಬ, ತಾಂಡೇಲನ ತಲೆಯಿಂದ ಎದೆಯವರೆಗೆ ನಿಧಾನಕ್ಕೆ ಮೂಸಿ, ನೆಟ್ಟಗಾಗಿ, ಊರೆಲ್ಲ ಕೇಳುವ ಹಾಗೆ ಸ್ವಚ್ಛ ಕನ್ನಡದಲ್ಲಿ ಹೇಳಿದ:

"ವಾಸ್ನೆ ಇಲ್ಲ."